ಅಬ್ಬಾಗೆ ಸಕ್ಕರೆ ಕಾಯಿಲೆ, ಆದರೂ ಮೂವತ್ತೂ ಉಪವಾಸದ ಹಟ: ನಾವು ಏನು ಮಾಡಬೇಕು?

ಪ್ರಶ್ನೆ: ನನ್ನ ಅಬ್ಬಾಗೆ 61 ವರ್ಷ. ಹನ್ನೆರಡು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ದಿನಕ್ಕೆರಡು, ಬೆಳಿಗ್ಗೆ ಗ್ಲಿಮೆಪಿರೈಡ್ ಒಂದು ತಗೊಳ್ತಾರೆ. ಈಚೆಗೆ ಮಾಡಿಸಿದ ಎಚ್‌ಬಿಎ1ಸಿ (ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.2, ಕಿಡ್ನಿ ಎಷ್ಟು ಚೆನ್ನಾಗಿ ಶೋಧಿಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ 52. ತಿಂಗಳಿಗೊಮ್ಮೆ ಸಕ್ಕರೆ ಇಳಿದು ಕೈ ನಡುಗುವುದಿದೆ. ಕೂತು ಮಾಡುವ ಕೆಲಸ. ಕಳೆದ ರಮಝಾನ್‌ನಲ್ಲಿ ಒಂದು ದಿನ ಇಳಿಹಗಲಿನ ಅಸರ್ ನಮಾಝ್ ಮುಗಿಸಿ ಬಂದವರು ಬೆವರಿನಲ್ಲಿ ತೊಯ್ದಿದ್ದರು. ಆದರೂ ಸೂರ್ಯಾಸ್ತದ ಮಗ್ರಿಬ್ ಬಾಂಗ್ ಆಗುವವರೆಗೆ ಒಂದು ಹನಿ ನೀರು ಮುಟ್ಟಲಿಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದೆ, ವಾರಕ್ಕೊಮ್ಮೆ ನೋಡಿದರೆ ಹೆಚ್ಚು. ಉಪವಾಸದಲ್ಲಿ ಅದನ್ನೂ ಮುಟ್ಟುವುದಿಲ್ಲ, ರಕ್ತ ಬಂದರೆ ಉಪವಾಸ ಮುರಿಯುತ್ತದೆ ಅಂತಾರೆ. ಡಾಕ್ಟರ್ ‘ಬೇಡ’ ಅಂದಾಗ ತಲೆಯಾಡಿಸಿ ಬಂದು ಮರುದಿನ ಸಹ್ರಿಗೆ (ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟಕ್ಕೆ) ಎದ್ದಿರುತ್ತಾರೆ. ಅಮ್ಮಿಗೆ, ಅಲ್ಲಾಹನಿಗಾಗಿ ಹಿಡಿದದ್ದು ಕೆಡುಕು ಮಾಡುವುದಿಲ್ಲ ಎಂಬ ನಂಬಿಕೆ. ನನ್ನ ತಮ್ಮ ಎರಡು ವರ್ಷದಿಂದ ಉಪವಾಸ ಬಿಟ್ಟಿದ್ದಾನೆ, ‘ಇದೆಲ್ಲ ಹಳೇ ಕಾಲದ್ದು’ ಎಂದು ಅಬ್ಬಾರ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ರಮಝಾನ್‌ಗೆ ಇನ್ನು ಎರಡು ತಿಂಗಳಿದೆ. ಅಬ್ಬಾರನ್ನು ತಡೆಯಬೇಕೆ, ಬಿಡಬೇಕೆ?

ಉತ್ತರ: ನೀವು ಎರಡು ತಿಂಗಳು ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಬಹಳಷ್ಟು ಮನೆಗಳಲ್ಲಿ ಈ ಮಾತು ಏಳುವುದು ಚಂದ್ರ ಕಂಡ ರಾತ್ರಿ, ಆಗ ಔಷಧ ಬದಲಿಸಲು ಸಮಯ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಅಬ್ಬಾರ ಜೀವಕ್ಕೆ ಅಪಾಯ ಇದೆಯೇ ಎಂಬುದು ಒಂದು. ಒಂದೇ ಮನೆಯಲ್ಲಿ ಉಪವಾಸದ ಬಗ್ಗೆ ಮೂರು ನಿಲುವುಗಳಿದ್ದು, ಯಾರು ಸರಿ ಎಂಬುದು ಇನ್ನೊಂದು. ಎರಡನೆಯದಕ್ಕೆ ತೀರ್ಪು ಕೊಡುವುದು ವೈದ್ಯರ ಕೆಲಸವಲ್ಲ. ಆದರೆ ಆ ಜಗಳ ಮೊದಲನೆಯದನ್ನು ಹೇಗೆ ಕೆಡಿಸುತ್ತದೆ ಎಂಬುದು ಚಿಕಿತ್ಸಾ ಕೊಠಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮನೆ ವಾದದ ಕಣವಾದಾಗ ರೋಗಿ ತನ್ನ ಲಕ್ಷಣ ಮುಚ್ಚಿಡಲು ಶುರು ಮಾಡುತ್ತಾನೆ. ಕೈ ನಡುಗಿತು ಅಂದರೆ ಮಗ ಗೆದ್ದಂತೆ, ಆದ್ದರಿಂದ ನಡುಕವನ್ನೇ ಹೇಳುವುದಿಲ್ಲ. ತಲೆಯಾಡಿಸಿ ಬಂದು ಉಪವಾಸ ಹಿಡಿಯುವುದೂ ಇದೇ ಬಗೆಯ ಮುಚ್ಚಿಡುವಿಕೆ. ನನ್ನ ಮಟ್ಟಿಗೆ, ಉಪವಾಸಕ್ಕಿಂತ ಈ ಮೌನವೇ ಹೆಚ್ಚು ಅಪಾಯದ್ದು.

ಅಬ್ಬಾ ಒಬ್ಬರೇ ಹೀಗಿಲ್ಲ. 2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಸಕ್ಕರೆ ರೋಗಿಗಳನ್ನು ವಿಚಾರಿಸಿದ ‘ಎಪಿಡಿಯಾರ್’ ಅಧ್ಯಯನದಲ್ಲಿ, ಟೈಪ್ 2 ಇದ್ದವರ ಪೈಕಿ ಶೇ. 79 ಮಂದಿ ರಮಝಾನ್‌ನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಆ ತಿಂಗಳಲ್ಲಿ ಸಕ್ಕರೆ ತೀವ್ರವಾಗಿ ಕುಸಿದ ಪ್ರಕರಣಗಳು ಏಳೂವರೆ ಪಟ್ಟು ಹೆಚ್ಚಿದ್ದವು. ಸಾವಿರ ಮಂದಿಗೆ ತಿಂಗಳಿಗೆ 4 ಇದ್ದದ್ದು 30ಕ್ಕೆ ಏರಿತ್ತು. ಈ ಅಂಕಿಗೆ ಎರಡು ಮುಖ ಇವೆ. ಬಹುಪಾಲು ಜನರಿಗೆ ಏನೂ ಆಗಲಿಲ್ಲ, ಆದ್ದರಿಂದಲೇ ‘ನನಗೇನೂ ಆಗಲ್ಲ’ ಎಂಬ ಧೈರ್ಯ ಬೆಳೆಯುತ್ತದೆ. ಆದರೆ ಆದವರಿಗೆ ಆದದ್ದು ಸಣ್ಣದಲ್ಲ.

ವೈದ್ಯರ ‘ಬೇಡ’ ಎಂಬ ಒಂದೇ ಮಾತು ಕೆಲಸ ಮಾಡುತ್ತಿಲ್ಲ ಎಂದು ಆ ಅಧ್ಯಯನ ತೋರಿಸಿಕೊಟ್ಟಿತು. ಅಲ್ಲಿಂದಾಚೆಗೆ ಧರ್ಮ, ವೈದ್ಯ ಎರಡೂ ಕಡೆ ಬದಲಾವಣೆ ಬಂದಿದೆ. 2009ರಲ್ಲಿ ಶಾರ್ಜಾದಲ್ಲಿ ಸೇರಿದ, ಧರ್ಮಶಾಸ್ತ್ರ ವಿದ್ವಾಂಸರ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ ಅಕಾಡೆಮಿ, ಸಕ್ಕರೆ ರೋಗಿಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ನಾಲ್ಕು ಗುಂಪು ಮಾಡಿ, ಮೊದಲ ಎರಡು ಗುಂಪಿನವರು ಉಪವಾಸ ಹಿಡಿಯಕೂಡದು ಎಂದಿತು. 2016ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಷನ್, ‘ಡಾರ್’ (ಡಯಾಬಿಟಿಸ್ ಅಂಡ್ ರಮದಾನ್) ಎಂಬ ಸಂಸ್ಥೆಯ ಜೊತೆಗೂಡಿ ರಮಝಾನ್‌ಗೆಂದೇ ಮಾರ್ಗಸೂಚಿ ತಂದಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ಹೀಗೆ ‘ಬೇಡ’ ಇದ್ದ ಜಾಗದಲ್ಲಿ ‘ನಿಮ್ಮ ಅಪಾಯ ಇಷ್ಟು, ಇದರಲ್ಲಿ ಇಷ್ಟನ್ನು ಇಳಿಸಬಹುದು’ ಎಂಬ ಮಾತು ಬಂದಿದೆ. ಅಬ್ಬಾಗೆ ಈ ಎರಡನೆಯ ಮಾತನ್ನು ಯಾರೂ ಇನ್ನೂ ಆಡಿದಂತಿಲ್ಲ.

ಅವರ ಅಂಕ ಎಷ್ಟು?

2021ರ ಮಾರ್ಗಸೂಚಿಯಲ್ಲಿ ಅಂಕಪಟ್ಟಿ ಇದೆ. 3ರ ತನಕ ಕಡಿಮೆ ಅಪಾಯ, 3.5ರಿಂದ 6 ಮಧ್ಯಮ, 6 ದಾಟಿದರೆ ಹೆಚ್ಚಿನ ಅಪಾಯ. ನೀವು ಬರೆದ ವಿವರ ಇಟ್ಟುಕೊಂಡು ಲೆಕ್ಕ ಹಾಕೋಣ. ಕಾಯಿಲೆ ಬಂದು ಹತ್ತು ವರ್ಷ ದಾಟಿದೆ, 1. ಎಚ್‌ಬಿಎ1ಸಿ 7.5ರಿಂದ 9ರ ಒಳಗಿದೆ, 1. ಸಕ್ಕರೆ ಇಳಿಯುವುದು ವಾರಕ್ಕೊಮ್ಮೆಗಿಂತ ಕಡಿಮೆ, 1. ಗ್ಲಿಮೆಪಿರೈಡ್‌ಗೆ ಅರ್ಧ. ಗ್ಲುಕೋಮೀಟರ್ ಇದ್ದೂ ಸರಿಯಾಗಿ ಬಳಸದ್ದಕ್ಕೆ 1. ಇಜಿಎಫ್‌ಆರ್ 45ರಿಂದ 60ರ ನಡುವೆ ಇರುವುದಕ್ಕೆ 2. ಹಿಂದಿನ ರಮಝಾನ್ ಚೆನ್ನಾಗಿ ಹೋಗದ್ದಕ್ಕೆ 1. ಹದಿನಾರು ಗಂಟೆಗಿಂತ ಉದ್ದದ ಉಪವಾಸವಾದರೆ ಇನ್ನೂ 1 ಸೇರುತ್ತದೆ, ಅದನ್ನು ಸದ್ಯ ಬಿಡೋಣ. ಒಟ್ಟು 7.5. ಇವತ್ತಿನ ಸ್ಥಿತಿಯಲ್ಲಿ ಅವರು ಹೆಚ್ಚಿನ ಅಪಾಯದ ಗುಂಪಿನಲ್ಲಿದ್ದಾರೆ, ಉಪವಾಸ ಹಿಡಿಯುವುದು ಸುರಕ್ಷಿತವಲ್ಲ.

ಆದರೆ ಈ ಏಳೂವರೆಯಲ್ಲಿ ಎಲ್ಲವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಹನ್ನೆರಡು ವರ್ಷವನ್ನು ಹಿಂದಕ್ಕೆ ತರಲಾಗದು, ಕಿಡ್ನಿಯ ಅಂಕ ಎರಡು ತಿಂಗಳಲ್ಲಿ ಅಲುಗದು. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ, ಅಲ್ಪಸ್ವಲ್ಪ ಇಳಿದೀತು. ಉಳಿದದ್ದರಲ್ಲಿ ಹೆಚ್ಚಿನದು ಕೈಯಲ್ಲಿದೆ. ಇವತ್ತಿನಿಂದ ಬೆರಳು ಚುಚ್ಚಿ ನೋಡಿ ಬರೆದಿಡುತ್ತಾ ಬಂದರೆ 1 ಇಳಿಯಿತು. ಅವರ ವೈದ್ಯರು ಗ್ಲಿಮೆಪಿರೈಡ್ ಬದಲು ಸಿಟಾಗ್ಲಿಪ್ಟಿನ್ ಅಥವಾ ಲಿನಾಗ್ಲಿಪ್ಟಿನ್‌ನಂಥ ಮಾತ್ರೆ ಸರಿಹೊಂದುತ್ತದೆ ಎಂದು ಬದಲಿಸಿದರೆ ಅರ್ಧ, ಅದರ ಫಲವಾಗಿ ಸಕ್ಕರೆ ಕುಸಿಯುವುದು ಪೂರ್ತಿ ನಿಂತರೆ ಇನ್ನೊಂದು. ಆಗ 5, ಅಂದರೆ ಮಧ್ಯಮ. ಅದೂ ಪೂರ್ಣ ನಿರಾಳವಲ್ಲ, ಎಚ್ಚರದಿಂದ ಹಿಡಿದು ನೋಡಬಹುದಾದ ಜಾಗ ಅಷ್ಟೆ. ಒಂದು ಮಾತು: ಈಚೆಗೆ ಸಕ್ಕರೆ ಕುಸಿದು ಇನ್ನೊಬ್ಬರು ಬಾಯಿಗೆ ಹಾಕಬೇಕಾದ ಸ್ಥಿತಿ ಬಂದಿದ್ದರೆ ಅದೊಂದಕ್ಕೇ 5.5 ಅಂಕ. ಕುಸಿದದ್ದು ತಿಳಿಯುವುದೇ ಇಲ್ಲ ಎಂದಾದರೆ 6.5, ಅಲ್ಲಿಗೆ ಲೆಕ್ಕ ಮುಗಿಯಿತು. ಅಬ್ಬಾರನ್ನು ಒಬ್ಬರನ್ನೇ ಕೂರಿಸಿಕೊಂಡು, ನಿಮ್ಮ ತಮ್ಮ ಎದುರಿಗಿಲ್ಲದಾಗ, ಇದನ್ನು ಕೇಳಿ.

ಕಳೆದ ವರ್ಷದ ಆ ಸಂಜೆ ಆದದ್ದೇನು?

ಊಟ ನಿಂತ ಮೇಲೆ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಹನ್ನೆರಡು ಗಂಟೆ ದಾಟುವ ಹೊತ್ತಿಗೆ ಆ ದಾಸ್ತಾನು ಬಹಳ ತಗ್ಗಿರುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ತಾನಾಗಿ ತಗ್ಗಿ, ದೇಹ ಕೊಬ್ಬಿನ ಕಡೆ ಹೊರಳುತ್ತದೆ. ಗ್ಲಿಮೆಪಿರೈಡ್ ಹಾಗಲ್ಲ. ರಕ್ತದಲ್ಲಿ ಸಕ್ಕರೆ ಇರಲಿ ಬಿಡಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಪರಿಣಾಮ ಇಡೀ ದಿನ ಇರುತ್ತದೆ. ಕಿಡ್ನಿ ಸ್ವಲ್ಪ ಸೋತಿದ್ದರೆ ಮಾತ್ರೆಯ ಅಂಶ ದೇಹದಿಂದ ಹೊರಹೋಗುವುದೂ ತಡ. ಸಹ್ರಿಯಲ್ಲಿ ಆ ಮಾತ್ರೆ ನುಂಗಿದವರ ಸಕ್ಕರೆ ಇಫ್ತಾರ್‌ಗೆ ಮುಂಚಿನ ಒಂದೆರಡು ಗಂಟೆಯಲ್ಲಿ ಕುಸಿಯುವುದು ಇದರಿಂದಲೇ.

ಆ ಹೊತ್ತಿನ ಮುಖ ಗುರುತು ಹಿಡಿಯಲು ಮನೆಯವರೆಲ್ಲ ಕಲಿಯಬೇಕು. ಮೊದಲು ಹಣೆ ಮತ್ತು ಮೇಲ್ದುಟಿಯ ಮೇಲೆ ತಣ್ಣನೆ ಬೆವರು. ಟೋಪಿ ಸರಿಮಾಡಿಕೊಳ್ಳುವ ಕೈಯಲ್ಲಿ ಸಣ್ಣ ನಡುಕ. ಕೇಳಿದ್ದಕ್ಕೆ ಸಿಡುಕಿನ ಉತ್ತರ, ಅಥವಾ ಉತ್ತರವೇ ಇಲ್ಲ. ಆಮೇಲೆ ಮಾತು ತೊದಲುತ್ತದೆ, ನಡೆಯುವಾಗ ಕಾಲು ತಡವರಿಸುತ್ತದೆ. ಇದನ್ನು ನೋಡಿದವರು ‘ಉಪವಾಸದ ಸುಸ್ತು, ಇನ್ನು ಅರ್ಧ ಗಂಟೆ ತಾನೆ’ ಅಂದುಬಿಡುತ್ತಾರೆ. ಆ ಅರ್ಧ ಗಂಟೆಯೇ ಅತಿ ಅಪಾಯದ್ದು. ಸಕ್ಕರೆ 70ರಿಂದ 40ಕ್ಕೆ ಇಳಿಯಲು ಅಷ್ಟು ಹೊತ್ತು ಸಾಕಾಗಬಹುದು. ಕುಸಿದ ಮೆದುಳಿಗೆ ‘ಈಗ ಮುರಿಯಬೇಕು’ ಎಂದು ತೀರ್ಮಾನಿಸುವ ಶಕ್ತಿ ಇರುವುದಿಲ್ಲ, ಆ ತೀರ್ಮಾನ ಮುಂಚೆಯೇ ಆಗಿರಬೇಕು.

ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಬೇಕಾದ ಗೆರೆಗಳು ಇವು: ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಉಪವಾಸ ಅಲ್ಲಿಗೇ ಬಿಡುವುದು, ಗಡಿಯಾರ ನೋಡುವಂತಿಲ್ಲ. 70ರಿಂದ 90ರ ನಡುವೆ ಇದ್ದರೆ ಒಂದು ಗಂಟೆಯೊಳಗೆ ಮತ್ತೆ ನೋಡುವುದು. 300 ದಾಟಿದರೂ ಬಿಡುವುದು. ವಾಂತಿ, ಭೇದಿ, ಜ್ವರ, ತಲೆಸುತ್ತು ಬಂದರೆ ಅಂಕಿ ಏನೇ ಇರಲಿ, ಬಿಡುವುದು. ಸಕ್ಕರೆ ಕುಸಿದಾಗ ಮೂರು ಚಹಾ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿ. 70 ದಾಟಿಲ್ಲವಾದರೆ ಮತ್ತೆ ಅಷ್ಟೇ ಕೊಡಿ. ಗ್ಲಿಮೆಪಿರೈಡ್ ತಗೊಂಡಿದ್ದರೆ ಅಲ್ಲಿಗೆ ಮುಗಿಯಿತೆಂದು ಬಿಡಬೇಡಿ. ಏರಿದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು. ಹಿಂದೆಯೇ ಊಟ ಮಾಡಿಸಿ, ರಾತ್ರಿ ಒಮ್ಮೆ ಎಬ್ಬಿಸಿ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಬೆರಳು ಚುಚ್ಚಿದರೆ ಉಪವಾಸ ಮುರಿಯುತ್ತದೆಯೇ? ಇಲ್ಲ ಎಂಬುದೇ ವಿದ್ವಾಂಸರ ಬಹುಮತ, ಉಪವಾಸ ಕೆಡುವುದು ಒಳಗೆ ಹೋಗುವ ಆಹಾರ ಪಾನೀಯದಿಂದ, ಒಂದು ಹನಿ ರಕ್ತ ಹೊರಬರುವುದರಿಂದಲ್ಲ. ಪೋಷಣೆಗಲ್ಲದ ಇನ್ಸುಲಿನ್ ಚುಚ್ಚುಮದ್ದಿನ ಬಗ್ಗೆಯೂ ಬಹುಪಾಲು ಇದೇ ಅಭಿಪ್ರಾಯ. ಅಬ್ಬಾಗೆ ಇದನ್ನು ನೀವು ಹೇಳುವುದಕ್ಕಿಂತ ಅವರು ನಂಬುವ ಇಮಾಮರೋ ಆಲಿಮರೋ (ಧರ್ಮ ವಿದ್ವಾಂಸರೋ) ಹೇಳಿದರೆ ಒಳಗಿಳಿಯುತ್ತದೆ, ಶುಕ್ರವಾರದ ನಮಾಝ್ ಆದ ಮೇಲೆ ಕರೆದೊಯ್ಯಿರಿ.

ಚುಚ್ಚುವುದರಲ್ಲೂ ಒಂದು ಸೂಕ್ಷ್ಮ ಇದೆ. ಇಫ್ತಾರ್ ತಟ್ಟೆಗೆ ಖರ್ಜೂರ ಜೋಡಿಸಿದ ಕೈಯಲ್ಲೇ ಬೆರಳು ಚುಚ್ಚಿದರೆ, ಚರ್ಮಕ್ಕೆ ಅಂಟಿದ ಸಕ್ಕರೆ ಹನಿಯಲ್ಲಿ ಬೆರೆತು, 65 ಇರಬೇಕಾದಲ್ಲಿ 150 ತೋರಿಸಬಹುದು. ಸಾಬೂನು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ನೀರಿಲ್ಲದ ದೇಹದಲ್ಲಿ ಸಂಜೆ ಹನಿ ಬರುವುದು ಕಷ್ಟ, ಬೆಚ್ಚಗಿನ ನೀರಲ್ಲಿ ಕೈ ತೊಳೆದು ತೋಳನ್ನು ಕೆಳಕ್ಕೆ ಇಳಿಬಿಟ್ಟರೆ ಬರುತ್ತದೆ. ನೋಡಬೇಕಾದ ಹೊತ್ತು: ಸಹ್ರಿಗೆ ಮುಂಚೆ, ಬೆಳಿಗ್ಗೆ, ನಡುಹಗಲು, ಅಸರ್ ಹೊತ್ತಿಗೆ, ಇಫ್ತಾರ್‌ಗೆ ಮುಂಚೆ, ಇಫ್ತಾರ್ ಆದ ಎರಡು ಗಂಟೆಗೆ. ಮೈ ಸರಿ ಇಲ್ಲ ಅನಿಸಿದಾಗಲೆಲ್ಲ. ದಿನವೂ ಇಷ್ಟೂ ಆಗದು ಎಂದರೆ ನಡುಹಗಲು ಮತ್ತು ಅಸರ್ ಹೊತ್ತಿನವನ್ನು ಮಾತ್ರ ತಪ್ಪಿಸಬೇಡಿ.

ಇನ್ನೊಂದು ಹೊಸ ಕಾಲದ ತಪ್ಪು ಕಲ್ಪನೆಯನ್ನೂ ತೆಗೆದುಹಾಕಬೇಕು. ತೂಕ ಇಳಿಸಲು ಹದಿನಾರು ಗಂಟೆ ಹಸಿದಿರುವ ಪದ್ಧತಿ ಜನಪ್ರಿಯವಾದ ಮೇಲೆ, ‘ರೋಜಾ ಹಿಡಿದರೆ ಸಕ್ಕರೆ ಕಾಯಿಲೆಯೇ ಹೋಗುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಎರಡೂ ಒಂದಲ್ಲ. ಅಲ್ಲಿ ನೀರು ಕುಡಿಯಬಹುದು, ಇಲ್ಲಿಲ್ಲ. ಅಲ್ಲಿ ರಾತ್ರಿ ನಿದ್ದೆ ಇದೆ, ಇಲ್ಲಿ ರಮಝಾನ್ ರಾತ್ರಿಯ ತರಾವೀಹ್ ನಮಾಝ್ ಮತ್ತು ಸಹ್ರಿಯ ನಡುವೆ ನಿದ್ದೆ ತುಂಡಾಗುತ್ತದೆ. ಇಲ್ಲಿ ಇಡೀ ದಿನದ ಊಟ ರಾತ್ರಿಗೆ ಬಂದು ಕೂಡುತ್ತದೆ. ಎಪಿಡಿಯಾರ್‌ನಲ್ಲಿ ಸಕ್ಕರೆ ತೀರಾ ಏರಿ ಆಸ್ಪತ್ರೆ ಸೇರಿದ ಟೈಪ್ 2 ರೋಗಿಗಳೂ ಹೆಚ್ಚಿದ್ದರು. ರೋಜಾದ ಅರ್ಥ ಆರಾಧನೆ. ಅದಕ್ಕೆ ಔಷಧದ ಹಣೆಪಟ್ಟಿ ಅಂಟಿಸಿದರೆ ಆರಾಧನೆಗೂ ಔಷಧಕ್ಕೂ ನ್ಯಾಯವಾಗುವುದಿಲ್ಲ.

ಮುಂದಿರುವ ದಾರಿಗಳು

ಒಂದು, ಸಿದ್ಧತೆ ಮಾಡಿಕೊಂಡು ಹಿಡಿಯುವುದು. ಈ ವಾರವೇ ವೈದ್ಯರ ಬಳಿ ಹೋಗಿ, ‘ಹಿಡಿಯಬಹುದೇ’ ಎಂದು ಕೇಳುವ ಬದಲು ‘ಹಿಡಿದರೆ ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ’ ಎಂದು ಕೇಳಿ ಬರೆಸಿಕೊಳ್ಳಿ. ಸಾಮಾನ್ಯ ಕ್ರಮ ಹೀಗಿದೆ: ದಿನಕ್ಕೆರಡರ ಮೆಟ್‌ಫಾರ್ಮಿನ್ ಅಷ್ಟೇ ಪ್ರಮಾಣದಲ್ಲಿ ಇಫ್ತಾರ್‌ಗೆ ಒಂದು, ಸಹ್ರಿಗೆ ಒಂದು. ಗ್ಲಿಮೆಪಿರೈಡ್ ಮುಂದುವರಿಸಲೇಬೇಕಾದರೆ ಸಹ್ರಿಗೆ ಬೇಡ, ಇಫ್ತಾರ್‌ಗೆ. ಬೇಕಿದ್ದರೆ ವೈದ್ಯರು ಪ್ರಮಾಣವನ್ನೂ ಇಳಿಸುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ‘ಗ್ಲಿಫ್ಲೋಜಿನ್’ ಜಾತಿಯ ಮಾತ್ರೆಗಳು ಕಿಡ್ನಿಗೆ ಒಳ್ಳೆಯವೇ, ಆದರೆ ನೀರನ್ನೂ ಎಳೆದೊಯ್ಯುತ್ತವೆ, ರಮಝಾನ್ ಹತ್ತಿರ ಬಂದಾಗ ಹೊಸದಾಗಿ ಶುರು ಮಾಡಬಾರದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನೂ ತೋರಿಸಿ. ನೀವಾಗಿ ಏನನ್ನೂ ಬದಲಿಸಬೇಡಿ. ಬಹಳ ಜನ ಮಾಡುವ ಕೆಲಸವೆಂದರೆ ಸಕ್ಕರೆ ಇಳಿಯುವ ಭಯಕ್ಕೆ ತಿಂಗಳಿಡೀ ಮಾತ್ರೆಯನ್ನೇ ಬಿಡುವುದು. ಆಗ ಹಗಲು 200, ರಾತ್ರಿ 350 ಆಗಿ, ಮೂತ್ರದಲ್ಲಿ ನೀರು ಹರಿದುಹೋಗಿ ಕಿಡ್ನಿ ಇನ್ನಷ್ಟು ಸೊರಗುತ್ತದೆ.

ಅದಾದ ಮೇಲೆ ರಮಝಾನ್‌ಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಎರಡು ಮೂರು ದಿನ ಬಿಟ್ಟುಬಿಟ್ಟು ಹೊಸ ಔಷಧದ ಕ್ರಮದಲ್ಲಿ ನಫಿಲ್ (ಕಡ್ಡಾಯವಲ್ಲದ) ಉಪವಾಸ ಹಿಡಿದು ನೋಡಲಿ. ಶಾಬಾನ್‌ನಲ್ಲಿ ಉಪವಾಸ ಹಿಡಿಯುವುದು ಹೇಗೂ ಪುಣ್ಯದ್ದೇ, ಪರೀಕ್ಷೆಯೂ ಆಯಿತು. ಆ ದಿನಗಳ ಅಂಕಿಗಳನ್ನು ಬರೆದ ಹಾಳೆ ವೈದ್ಯರಿಗೆ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ. ಅಸರ್ ಹೊತ್ತಿಗೆ 100ರ ಮೇಲೆ ನಿಲ್ಲುತ್ತಿದ್ದರೆ ಧೈರ್ಯ ಮಾಡಬಹುದು. ಮೂರರಲ್ಲಿ ಒಂದು ದಿನ 70ಕ್ಕೆ ಇಳಿದರೂ ಉತ್ತರ ಸಿಕ್ಕಂತೆ.

ಸಹ್ರಿಯನ್ನು ಬಿಡುವಂತಿಲ್ಲ, ಬೆಳಗಿನ ಜಾವದ ಫಜ್ರ್ ನಮಾಝ್‌ಗೆ ಎಷ್ಟು ಹತ್ತಿರ ಉಂಡರೆ ಅಷ್ಟು ಒಳ್ಳೆಯದು. ನಾರಿನಂಶ ಮತ್ತು ಪ್ರೊಟೀನ್ ಇರುವ, ನಿಧಾನಕ್ಕೆ ಕರಗುವ ಊಟವಿರಲಿ. ಇಫ್ತಾರ್‌ಗೆ ಒಂದೆರಡು ಸಣ್ಣ ಖರ್ಜೂರ ಸಾಕು. ದೊಡ್ಡ ಜಾತಿಯ ಒಂದೇ ಹಣ್ಣಿನಲ್ಲಿ ಸುಮಾರು 18 ಗ್ರಾಂ ಶರ್ಕರ ಇರುತ್ತದೆ, ನಾಲ್ಕು ತಿಂದರೆ ಊಟಕ್ಕೆ ಮುಂಚೆಯೇ ಒಂದು ಊಟವಾಯಿತು. ನೀರನ್ನು ಇಫ್ತಾರ್‌ನಿಂದ ಸಹ್ರಿಯವರೆಗೆ ಹಂಚಿ ಕುಡಿಯಬೇಕು, ಒಮ್ಮೆಲೇ ಅಲ್ಲ. ತರಾವೀಹ್ ಎದ್ದು ಬಾಗುವ ವ್ಯಾಯಾಮವೇ, ಬೇರೆ ನಡಿಗೆ ಬೇಡ. ಮಸೀದಿಗೆ ಹೋಗುವಾಗ ಜೇಬಲ್ಲಿ ಸಕ್ಕರೆ ಇರಲಿ.

ಎರಡನೆಯ ದಾರಿ, ಈ ರಮಝಾನ್‌ನಲ್ಲಿ ಬಿಟ್ಟು, ಸಕ್ಕರೆ ಹತೋಟಿಗೆ ಬಂದ ಮೇಲೆ ಹಗಲು ಚಿಕ್ಕದಿರುವ ದಿನಗಳಲ್ಲಿ ಕಝಾ, ಅಂದರೆ ತಪ್ಪಿದ ಉಪವಾಸಗಳನ್ನು, ತೀರಿಸುವುದು. ಸಾಲಾಗಿ ಹಿಡಿಯಬೇಕೆಂದಿಲ್ಲ, ವಾರಕ್ಕೊಂದಾದರೂ ಸರಿ. ವೈದ್ಯಕೀಯವಾಗಿ ನನಗೆ ಅಬ್ಬಾರ ಮಟ್ಟಿಗೆ ಇದೇ ಹೆಚ್ಚು ಸಮಾಧಾನದ್ದು. ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತುತ್ತದೆ, ಆದ್ದರಿಂದ ಒಂದು ವರ್ಷದ ತೀರ್ಮಾನ ಎಲ್ಲ ವರ್ಷಕ್ಕೂ ಅಲ್ಲ. ಮೂರನೆಯದು, ಮುಂದೆಯೂ ಹಿಡಿಯಲಾಗದ ಸ್ಥಿತಿಯಾದರೆ ಫಿದ್ಯಾ, ತಪ್ಪಿದ ಪ್ರತಿ ದಿನಕ್ಕೂ ಒಬ್ಬ ಬಡವರಿಗೆ ಊಟ. ಕಝಾವೋ ಫಿದ್ಯಾವೋ ಎಂಬುದನ್ನು ಆಲಿಮರು ಹೇಳಬೇಕು, ಅವರಿಗೆ ಬೇಕಾದ ವೈದ್ಯರ ಚೀಟಿ ನೀವು ಒಯ್ಯಿರಿ.

ಕುರ್‌ಆನ್‌ನ ಎರಡನೆಯ ಅಧ್ಯಾಯದಲ್ಲಿ ಉಪವಾಸವನ್ನು ಕಡ್ಡಾಯ ಮಾಡುವ ವಚನದ ಹಿಂದೆಯೇ, 184 ಮತ್ತು 185ರಲ್ಲಿ, ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಬರುತ್ತದೆ. ಅಲ್ಲಾಹನು ನಿಮಗೆ ಸರಳತೆಯನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಮಾತೂ ಅಲ್ಲಿಯೇ ಇದೆ. ಅಮ್ಮಿಗೆ ಇದನ್ನೇ ಓದಿ ಹೇಳಿ. ಉಪವಾಸ ಹಿಡಿ ಎಂದವನೇ ಬಿಡಲೂ ಹೇಳಿದ್ದಾನೆ, ಎರಡೂ ಒಂದೇ ಬಾಯಿಂದ ಬಂದ ಆಜ್ಞೆ. ಕಾಯಿಲೆಯಿಂದ ನಡುವೆ ಬಿಟ್ಟ ದಿನಕ್ಕೆ ಆ ಒಂದು ದಿನದ ಕಝಾ ಮಾತ್ರ, ಪ್ರಾಯಶ್ಚಿತ್ತವಿಲ್ಲ.

ಹಾಗಿದ್ದೂ ಬಿಡುವುದು ಯಾಕಿಷ್ಟು ಕಷ್ಟ? ಪ್ಯೂ ಸಂಶೋಧನಾ ಕೇಂದ್ರ 39 ದೇಶಗಳ ಮುಸ್ಲಿಮರ ಬಗ್ಗೆ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ರಮಝಾನ್ ಉಪವಾಸ ಹಿಡಿಯುತ್ತೇವೆ ಎಂದವರ ಪ್ರಮಾಣ ದೇಶಗಳ ಮಧ್ಯಮಾಂಕದಲ್ಲಿ ಶೇ. 93. ಐದು ಹೊತ್ತಿನ ನಮಾಝ್ ತಪ್ಪಿಸುವವರೂ ಉಪವಾಸ ತಪ್ಪಿಸುವುದಿಲ್ಲ, ಯಾಕೆಂದರೆ ಅದು ಎಲ್ಲರೂ ಕೂಡಿ ಹಸಿದು ಕೂಡಿ ಉಣ್ಣುವ ತಿಂಗಳು. ಬಿಟ್ಟವನಿಗೆ ತಟ್ಟೆಯ ಮುಂದೆ ತನ್ನ ಜಾಗ ಹೋದಂತೆ ಅನಿಸುತ್ತದೆ. ಮುಟ್ಟಿನ ದಿನಗಳಲ್ಲಿ ಉಪವಾಸ ಇಲ್ಲದ ಹೆಣ್ಣುಮಕ್ಕಳು ಅಡುಗೆಮನೆಯ ಮೂಲೆಯಲ್ಲಿ ಕದ್ದು ಉಣ್ಣುತ್ತಿದ್ದುದೂ ಇದೇ ಸಂಕೋಚದಿಂದ. ಈಗಿನ ಹುಡುಗಿಯರು ‘ಇವತ್ತು ನನಗಿಲ್ಲ’ ಎಂದು ನೇರವಾಗಿ ಹೇಳುವುದು ಹೆಚ್ಚುತ್ತಿದೆ, ಅದು ಒಳ್ಳೆಯ ಬದಲಾವಣೆ. ರೋಗಿಗಳಿಗೂ ಆ ಧೈರ್ಯ ಬರಬೇಕು, ಅದನ್ನು ಮನೆಯವರೇ ಕೊಡಬೇಕು. ಅಬ್ಬಾ ಹಿಡಿಯದ ದಿನವೂ ಸಹ್ರಿಗೆ ಎಬ್ಬಿಸಿ. ಇಫ್ತಾರ್ ದುಆ ಅವರೇ ಓದಲಿ. ಫಿದ್ಯಾ ಕೊಡುವುದಾದರೆ ಅವರ ಕೈಯಿಂದಲೇ ಕೊಡಿಸಿ.

ತಮ್ಮನ ನಿಲುವು ಅವನದು, ಅದನ್ನು ಇಲ್ಲಿ ತೂಗುವುದಿಲ್ಲ. ಆದರೆ ಅಬ್ಬಾರ ಕಾಯಿಲೆಯನ್ನು ತನ್ನ ವಾದದ ಸಾಕ್ಷಿಯಾಗಿ ಬಳಸುವುದನ್ನು ಅವನು ಈ ಎರಡು ತಿಂಗಳು ನಿಲ್ಲಿಸಬೇಕು. ಅವನಿಗೊಂದು ಕೆಲಸ ಕೊಡಿ: ಹಗಲು ಉಂಡು ನಿದ್ದೆ ತುಂಬಿರುವ ಅವನ ತಲೆ ಅಸರ್ ಹೊತ್ತಿಗೆ ಮನೆಯಲ್ಲಿ ಎಲ್ಲರಿಗಿಂತ ಚುರುಕಾಗಿರುತ್ತದೆ. ಆ ಹೊತ್ತಿಗೆ ಬೆರಳು ಚುಚ್ಚಿ ಬರೆಯುವ ಹೊಣೆ ಅವನದಾಗಲಿ.

ಕೊನೆಯದಾಗಿ, ಈದ್ ದಿನದ ಔಷಧವನ್ನೂ ವೈದ್ಯರಿಂದ ಮುಂಚೆಯೇ ಬರೆಸಿಕೊಳ್ಳಿ. ಕೊನೆಯ ಇಫ್ತಾರ್‌ಗೆ ಗ್ಲಿಮೆಪಿರೈಡ್ ನುಂಗಿದವರು ಈದ್ ಬೆಳಿಗ್ಗೆ ಹಳೆಯ ಅಭ್ಯಾಸದಂತೆ ಇನ್ನೊಂದು ನುಂಗಿದರೆ, ಹನ್ನೆರಡು ಗಂಟೆಯೊಳಗೆ ಎರಡು ದಿನದ ಮಾತ್ರೆ ಒಳಗೆ ಹೋದಂತಾಗುತ್ತದೆ.